ಗಿಟಾರಿನ ಕೊರಳು ಮುರಿದಾಗ



ಸುಳ್ಳದಿಂದ ಹುಬ್ಬಳ್ಳಿಗೆ ಪ್ರತಿ ಭಾನುವಾರ ಬಸ್ಸು ಹಿಡಿದು ಬಲಿಪೂಜೆಗೆ ಬರುವ ಒಂದು ಕುಟುಂಬವಿದೆ. ತಂದೆ ಬಡಿಗತನದವರು. ಬಾಗಿಲು, ಕಿಟಕಿಯ ಚೌಕಟ್ಟು, ರೈತರಿಗೆ ಕೂರಿಗೆ, ಕುಂಟೆ ಮಾಡಿಕೊಡುತ್ತಾರೆ. ಮಗ ದ್ವಿತೀಯ ಪಿಯುಸಿ. ನಮ್ಮ ಗಾನವೃಂದದಲ್ಲಿ ಗಿಟಾರು ನುಡಿಸುವವನು. ತಪಸ್ಸುಕಾಲದ ಎರಡನೆಯ ಭಾನುವಾರ ಹುಡುಗ ಕಾಣಲಿಲ್ಲ. ಮೂರನೆಯ ಭಾನುವಾರವೂ ಇಲ್ಲ. ತಾಯಿಯನ್ನು ಕೇಳಿದರೆ, "ಮೈಯಾಗ ಆರಾಮಿಲ್ಲ ಫಾದರ್" ಎಂದು ನೆಲ ನೋಡಿದರು. ಮರುದಿನ ಸಂಜೆ ನಾನೇ ಸುಳ್ಳಕ್ಕೆ ಹೋದೆ.

ಗೋಡೆಯ ಮೊಳೆಯಲ್ಲಿ ಗಿಟಾರು ತೂಗುತ್ತಿತ್ತು. ಅದರ ತಲೆ ಕೊರಳಿನಿಂದ ಕಿತ್ತು, ತಂತಿಗಳ ಆಸರೆಯಲ್ಲಿ ಕೆಳಗೆ ಜೋತುಬಿದ್ದಿತ್ತು. ಕತ್ತು ಮುರಿದ ಕೋಳಿಯಂತೆ ಎಂದು ಬರೆಯಲು ಮನಸ್ಸಿಲ್ಲ, ಆದರೆ ನನಗೆ ಅನಿಸಿದ್ದು ಹಾಗೆಯೇ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಭೌತಶಾಸ್ತ್ರದ ಅಂಕ ಕಡಿಮೆ ಬಂದಿತ್ತು. ಆ ರಾತ್ರಿ ತಂದೆ ಗಿಟಾರನ್ನು ಕಿತ್ತುಕೊಂಡು ನೆಲಕ್ಕೆ ಬಡಿದಿದ್ದರು. "ಮುರದದ್ದು ನಾನ ರೀ ಫಾದರ್. ಹಾಡು ಹೊಟ್ಟಿ ತುಂಬಸ್ತದೇನ್ರಿ?" ಎಂದು ಅವರೇ ಹೇಳಿದರು. ಮಗ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ಮೂರು ವಾರಗಳಿಂದ ತಂದೆ ಮಗನ ನಡುವೆ ಮಾತಿರಲಿಲ್ಲ.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಧರ್ಮಕೇಂದ್ರಗಳಲ್ಲಿ ಗಿಟಾರಿಲ್ಲದ ಗಾನವೃಂದ ಅಪರೂಪ. ಆದರೆ ಅದನ್ನು ಕಾಪಾಡುವುದು, ಕೆಟ್ಟರೆ ರಿಪೇರಿ ಮಾಡುವುದು ಗೊತ್ತಿರುವವರು ಇನ್ನೂ ಅಪರೂಪ. ಆದ್ದರಿಂದ ಈ ವಾರ ಸ್ವಲ್ಪ ಮರಗೆಲಸದ ಮಾತು. ನಡುನಡುವೆ ಉಪದೇಶ ಬಂದರೆ ಸಹಿಸಿಕೊಳ್ಳಿ, ಅದು ನನ್ನ ಕಸುಬು.

ಮೊದಲು ಗಿಟಾರು ಎಂದರೇನು ಎಂದು ತಿಳಿಯೋಣ. ಗುರುಮಠದಲ್ಲಿ ಅರಿಸ್ಟಾಟಲನ ತತ್ವಶಾಸ್ತ್ರ ಓದುವಾಗ ಪ್ರತಿಯೊಂದು ವಸ್ತುವಿಗೂ ದ್ರವ್ಯ ಮತ್ತು ರೂಪ ಎಂಬ ಎರಡು ಅಂಶಗಳಿವೆ ಎಂದು ಕಲಿತೆವು. ಗಿಟಾರಿಗೆ ಮೂರನೆಯದೂ ಒಂದಿದೆ ಎಂದು ನನಗೆ ತೋರುತ್ತದೆ: ಎಳೆತ. ಆರು ಉಕ್ಕಿನ ತಂತಿಗಳನ್ನು ಸ್ವರಕ್ಕೆ ಬಿಗಿದಾಗ ಅವೆಲ್ಲ ಸೇರಿ ಎಳೆಯುವ ಬಲ ಸುಮಾರು 70 ಕಿಲೋ ಭಾರಕ್ಕೆ ಸಮ. ಒಂದೂವರೆ ಚೀಲ ಸಿಮೆಂಟಿನ ಹತ್ತಿರಹತ್ತಿರ ಎನ್ನಿ. ಇದನ್ನು ಹಗಲೂ ರಾತ್ರಿ ಹೊರುವುದು 3 ಮಿಲಿಮೀಟರಿನ ಆಸುಪಾಸು ದಪ್ಪದ ಮೇಲ್ಹಲಗೆ ಮತ್ತು ಒಂದು ಸಣ್ಣ ಕೊರಳು. ನೈಲಾನ್ ತಂತಿಯ ಗಿಟಾರಿನಲ್ಲಿ ಎಳೆತ ಇದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ನಾನು ಗುರುಮಠದಲ್ಲಿದ್ದಾಗ ಈ ವ್ಯತ್ಯಾಸ ತಿಳಿಯದೆ, ಶಬ್ದ ಜೋರಾಗಿ ಬರಲೆಂದು ನೈಲಾನ್ ಗಿಟಾರಿಗೆ ಉಕ್ಕಿನ ತಂತಿ ಕಟ್ಟಿದೆ. ಎರಡೇ ವಾರದಲ್ಲಿ, ಮಳೆಗಾಲದ ಒಂದು ರಾತ್ರಿ, ಬ್ರಿಜ್ಜು ಹಲಗೆಯ ಸಿಪ್ಪೆಸಮೇತ ಕಿತ್ತು ಬಂತು. ಕೋಣೆಯಲ್ಲಿ ಪಟಾಕಿ ಸಿಡಿದಂತೆ ಸದ್ದು. ಗಿಟಾರು ನನ್ನದಲ್ಲ, ಸಹಪಾಠಿಯದು.

ಎಳೆತದ ಮಾತು ಬಂದಾಗ ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಮರುಭೂಮಿಯ ತಪಸ್ವಿ ಸಂತ ಅಂತೋಣಿಯವರ ಕಥೆಯನ್ನು ನಾನು ಎಷ್ಟೋ ಸಲ ಪ್ರಬೋಧನೆಯಲ್ಲಿ ಹೇಳಿದ್ದೇನೆ. ಅವರು ಶಿಷ್ಯರೊಂದಿಗೆ ನಗುನಗುತ್ತಾ ಕುಳಿತದ್ದನ್ನು ಕಂಡು ಒಬ್ಬ ಬೇಟೆಗಾರ ಬೇಸರಪಟ್ಟನಂತೆ. ಬಿಲ್ಲನ್ನು ಎಳೆ, ಇನ್ನೂ ಎಳೆ ಎಂದು ಸಂತರು ಅವನಿಗೆ ಹೇಳುತ್ತಾ ಹೋದರು. ಇನ್ನೂ ಎಳೆದರೆ ಮುರಿಯುತ್ತದೆ ಎಂದನು ಅವನು. ಮನುಷ್ಯನೂ ಹಾಗೆಯೇ ಎಂಬುದನ್ನು ಅವರು ಮನಗಾಣಿಸಿದರು. ಈ ಕಥೆಯ ಕೊನೆಗೆ ನಾನು, ಆದ್ದರಿಂದ ರಾತ್ರಿ ಗಿಟಾರಿನ ತಂತಿಗಳನ್ನು ಪೂರ್ತಿ ಸಡಿಲಿಸಿ ಇಡಿ ಎಂದು ಸೇರಿಸುತ್ತಿದ್ದೆ. ಅದು ಸರಿಯಲ್ಲ. ಗಿಟಾರು ಬಿಲ್ಲಲ್ಲ. ಉಕ್ಕಿನ ತಂತಿಯ ಗಿಟಾರುಗಳ ಕೊರಳಿನೊಳಗೆ ಸಾಮಾನ್ಯವಾಗಿ ಒಂದು ಉಕ್ಕಿನ ಸರಳಿರುತ್ತದೆ. ಟ್ರಸ್ ರಾಡ್ ಎನ್ನುತ್ತಾರೆ. ಗಿಬ್ಸನ್ ಕಂಪನಿಯವರು 1920ರ ದಶಕದಲ್ಲಿ ಇದನ್ನು ಬಳಕೆಗೆ ತಂದರು. ತಂತಿಗಳು ಕೊರಳನ್ನು ಮುಂದಕ್ಕೆ ಬಗ್ಗಿಸಿದರೆ ಸರಳು ಹಿಂದಕ್ಕೆ ಎಳೆದು ಸಮತೋಲ ಕಾಯುತ್ತದೆ. ತಂತಿಯ ಎಳೆತವನ್ನು ದಿನವೂ ಪೂರ್ತಿ ತೆಗೆದರೆ ಆ ಸಮತೋಲವೇ ತಪ್ಪುತ್ತದೆ. ದಿನವೂ ನುಡಿಸುವ ಗಿಟಾರನ್ನು ಸ್ವರದಲ್ಲೇ ಇಡಿ. ತಿಂಗಳುಗಟ್ಟಲೆ ಮುಟ್ಟುವುದಿಲ್ಲವಾದರೆ ಒಂದೆರಡು ಸ್ವರ ಇಳಿಸಿದರೆ ಸಾಕು. ಹಿಂದೆ ನನ್ನ ಪ್ರಬೋಧನೆ ಕೇಳಿದವರು ದಯವಿಟ್ಟು ತಿದ್ದಿಕೊಳ್ಳಿ. ಸಂತರ ಮಾತಿನಲ್ಲಿ ತಪ್ಪಿಲ್ಲ, ನಾನು ಸೇರಿಸಿದ್ದರಲ್ಲಿ ತಪ್ಪು.

ಇನ್ನು ಹವೆಯ ವಿಷಯ. ಸುಳ್ಳದ ಎರೆಹೊಲ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಮರವೂ ಅದೇ ಜಾತಿ. ಕಡಿದು, ಕೊಯ್ದು, ಪಾಲಿಶ್ ಹಚ್ಚಿದರೂ ಅದು ನೀರನ್ನು ಮರೆಯುವುದಿಲ್ಲ. ಜುಲೈಯಲ್ಲಿ ನಿಮ್ಮ ಮನೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದಿಲ್ಲವೇ? ಗಿಟಾರಿನ ಮೇಲ್ಹಲಗೆ ಆಗ ಉಬ್ಬಿ ಮೇಲೇಳುತ್ತದೆ, ತಂತಿಗಳು ಫ್ರೆಟ್ಟಿನಿಂದ ಎತ್ತರವಾಗುತ್ತವೆ, ಬೆರಳು ನೋಯುತ್ತದೆ. ಮಾರ್ಚ್ ಏಪ್ರಿಲಿನ ಒಣ ಹವೆಯಲ್ಲಿ ಹಲಗೆ ತಗ್ಗುತ್ತದೆ, ತಂತಿ ಫ್ರೆಟ್ಟಿಗೆ ತಾಗಿ ಝೇಂಕರಿಸುತ್ತದೆ, ಕೊರಳಿನ ಅಂಚಿನಲ್ಲಿ ಫ್ರೆಟ್ಟಿನ ತುದಿಗಳು ಮುಳ್ಳಿನಂತೆ ಹೊರಬರುತ್ತವೆ. ಅತಿಯಾದರೆ ಹಲಗೆ ಸೀಳುತ್ತದೆ. ಗಿಟಾರಿಗೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ಅದಕ್ಕೆ ಯಂತ್ರ ಬೇಕಿಲ್ಲ. ಒಂದು ಹಳೆಯ ಪ್ಲಾಸ್ಟಿಕ್ ಸೋಪಿನ ಡಬ್ಬಿಗೆ ತೂತು ಕೊರೆದು, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಂಜನ್ನು ಅದರೊಳಗಿಟ್ಟು, ಬೇಸಿಗೆಯಲ್ಲಿ ಗಿಟಾರಿನ ಪೆಟ್ಟಿಗೆಯಲ್ಲಿಡಿ, ನೀರು ತೊಟ್ಟಿಕ್ಕದಿರಲಿ. ಮಳೆಗಾಲದಲ್ಲಿ ಅದರ ಬದಲು ಸಿಲಿಕಾ ಜೆಲ್ ಪೊಟ್ಟಣಗಳು. ತಗಡಿನ ಚಾವಣಿಯ ಕೆಳಗೆ, ಬಿಸಿಲು ಬೀಳುವ ಗೋಡೆಗೆ ಗಿಟಾರನ್ನು ನೇತುಹಾಕಬೇಡಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಂತೂ ಒಂದು ಗಂಟೆಯೂ ಬೇಡ. ಕಾವಿಗೆ ಅಂಟು ಮೆತ್ತಗಾಗಿ ಬ್ರಿಜ್ಜು ಜಾರತೊಡಗುತ್ತದೆ.

ನುಡಿಸಿದ ಮೇಲೆ ಹಳೆಯ ಧೋತರದ ತುಂಡಿನಿಂದ ತಂತಿಗಳನ್ನು ಒರೆಸಿದರೆ ಅವುಗಳ ಆಯುಷ್ಯ ಹೆಚ್ಚುತ್ತದೆ. ಕೊರಳಿನ ಪಟ್ಟಿಗೆ ಕೊಬ್ಬರಿ ಎಣ್ಣೆ ತಿಕ್ಕುವ ರೂಢಿ ಕೆಲವರಿಗಿದೆ. ಬೇಡ, ಅದು ಕಮಟುತ್ತದೆ, ಜಿಡ್ಡು ಕೂಡುತ್ತದೆ.

"ಫಾದರ್, ತಂತಿ ಬಾಳ ಎತ್ತರ ಆಗ್ಯಾವ" ಎಂಬುದು ಗಾನವೃಂದದ ಮಕ್ಕಳ ಸಾಮಾನ್ಯ ದೂರು. ಹಲವರು ಇದಕ್ಕೆ ನೇರವಾಗಿ ಟ್ರಸ್ ರಾಡಿಗೆ ಕೀಲಿ ಹಾಕಿ ತಿರುಗಿಸುತ್ತಾರೆ. ನಿಲ್ಲಿ. ಮೊದಲು ನೋಡಬೇಕು. ಒಂದು ತಂತಿಯನ್ನು 1ನೆಯ ಫ್ರೆಟ್ಟಿನಲ್ಲೂ, ಕೊರಳು ಒಡಲಿಗೆ ಸೇರುವ 14ನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿದು, 7ನೆಯ ಫ್ರೆಟ್ಟಿನ ಮೇಲೆ ಎಷ್ಟು ಸಂದಿದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ಸರಿಯಾಗಿ ತೂರುವಷ್ಟು ಸಂದಿ, ಅಂದರೆ ಕಾಲು ಮಿಲಿಮೀಟರ್, ಇದ್ದರೆ ಕೊರಳಿಗೆ ಏನೂ ಆಗಿಲ್ಲ. ಹೆಚ್ಚಿದ್ದರೆ ಮಾತ್ರ ಸರಳನ್ನು ಬಲಕ್ಕೆ ಕಾಲು ಸುತ್ತು ಬಿಗಿ ಮಾಡಿ, ಶ್ರುತಿ ಮಾಡಿ, ಮತ್ತೆ ನೋಡಿ. ಬಿಗಿಯಾಗಿ ನಿಂತರೆ ಬಲ ಹಾಕಬೇಡಿ. ಸರಳು ತುಂಡಾದರೆ ಆ ಗಿಟಾರಿನ ಕಥೆ ಮುಗಿಯಿತು ಎಂದೇ ಲೆಕ್ಕ. ಕೊರಳು ಸರಿಯಿದ್ದೂ ತಂತಿ ಎತ್ತರವಾಗಿದ್ದರೆ ರೋಗ ಬೇರೆ ಕಡೆಯಿದೆ. 12ನೆಯ ಫ್ರೆಟ್ಟಿನಲ್ಲಿ ದಪ್ಪ ತಂತಿ ಎರಡೂವರೆ ಮಿಲಿಮೀಟರ್, ಸಣ್ಣ ತಂತಿ ಎರಡು ಮಿಲಿಮೀಟರ್ ಎತ್ತರದಲ್ಲಿದ್ದರೆ ಕೈಗೆ ಹಿತ. 12ನೆಯ ಫ್ರೆಟ್ಟು ತಂತಿಯ ನಟ್ಟನಡುವೆ ಇದೆ. ಆದ್ದರಿಂದ ಅಲ್ಲಿ ಅರ್ಧ ಮಿಲಿಮೀಟರ್ ತಗ್ಗಿಸಬೇಕಾದರೆ ಸ್ಯಾಡಲಿನ ಅಡಿಯಿಂದ 1 ಮಿಲಿಮೀಟರ್ ಉಜ್ಜಬೇಕು. ಪಾಲಿಶ್ ಪೇಪರನ್ನು ಗಾಜಿನ ಮೇಲೆ ಹಾಸಿ ಸಮನಾಗಿ, ಸ್ವಲ್ಪ ಸ್ವಲ್ಪವೇ ಉಜ್ಜಿ. ತೆಗೆದದ್ದನ್ನು ಮತ್ತೆ ಸೇರಿಸಲಾಗದು.

ನಮ್ಮ ಕಡೆಯವರಿಗೆ ವಾದ್ಯದ ರಿಪೇರಿ ಹೊಸದಲ್ಲ. ಗಂಗೂಬಾಯಿ ಹಾನಗಲ್ ಅವರ ಹುಬ್ಬಳ್ಳಿ, ಸವಾಯಿ ಗಂಧರ್ವರ ಕುಂದಗೋಳ ಇಲ್ಲೇ ಇವೆ. ಈ ಸೀಮೆಯ ಗಾಯಕರಿಗೆ ತಂಬೂರಿ ಎಂದರೆ ರೈಲುಹಾದಿಯಲ್ಲೇ ಸಿಗುವ ಮೀರಜ್. ಅಲ್ಲಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಅಲ್ಲಿನ ಕುಶಲಕರ್ಮಿ ತಂಬೂರಿಯ ಕುದುರೆಯನ್ನು ಅರದಿಂದ ಒಂದಿಷ್ಟು ತೀಡುತ್ತಾನೆ, ಕೇಳುತ್ತಾನೆ, ಮತ್ತೆ ತೀಡುತ್ತಾನೆ. ಜವಾರಿ ತೆರೆಯುವುದು ಎನ್ನುತ್ತಾರೆ. ಕೈಗಿಂತ ಕಿವಿಗೆ ಹೆಚ್ಚು ಕೆಲಸ. ಗಿಟಾರಿಗೂ ಇದೇ ಬೇಕು.

ಮಾರ್ಪಾಡಿನ ಬಗ್ಗೆ ಒಂದು ಮಾತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಪವಿತ್ರ ದೈವಾರಾಧನೆಯ ಸಂವಿಧಾನದ 120ನೆಯ ವಿಧಿ ಕೊಳವೆ ಆರ್ಗನ್ನಿಗೆ ಹಿರಿಯ ಸ್ಥಾನ ಕೊಡುತ್ತದೆ. ಆದರೆ ಪವಿತ್ರ ಬಳಕೆಗೆ ಯೋಗ್ಯವಾದ, ಅಥವಾ ಯೋಗ್ಯವಾಗಿ ಮಾಡಬಹುದಾದ ಇತರ ವಾದ್ಯಗಳಿಗೂ, ಸಂಬಂಧಪಟ್ಟ ಅಧಿಕಾರಿಗಳ ಒಪ್ಪಿಗೆಯ ಮೇರೆಗೆ, ಬಾಗಿಲು ತೆರೆದಿದೆ. ಯೋಗ್ಯವಾಗಿ ಮಾಡಬಹುದಾದ ಎಂಬ ಆ ಅಂಶ ನನಗೆ ಬಹಳ ಪ್ರಿಯ. ದೈವಕೃಪೆ ಮನುಷ್ಯ ಸ್ವಭಾವವನ್ನು ಅಳಿಸುವುದಿಲ್ಲ, ಪೂರ್ಣಗೊಳಿಸುತ್ತದೆ ಎಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದ್ದಾರಲ್ಲ? ವಾದ್ಯವನ್ನು ಬದಲಿಸುವವನಿಗೂ ಇದು ಅಳತೆಗೋಲು. ವಿಶ್ವಮೋಹನ ಭಟ್ ಅವರು ಗಿಟಾರಿಗೆ ಅನುರಣನದ 12 ತಂತಿಗಳನ್ನು ಸೇರಿಸಿ ಮೋಹನವೀಣೆ ಮಾಡಿದರು. 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಗಿಟಾರು ಅಲ್ಲಿ ಸಾಯಲಿಲ್ಲ. ಸ್ಪೇನಿನ ಅಂತೋನಿಯೊ ದೆ ತೊರ್ರೆಸ್ 1862ರಲ್ಲಿ ಬೆನ್ನು ಮತ್ತು ಪಕ್ಕಗಳನ್ನು ರಟ್ಟಿನಿಂದ ಮಾಡಿ, ಮೇಲ್ಹಲಗೆಯನ್ನು ಮಾತ್ರ ಒಳ್ಳೆಯ ಮರದಿಂದ ಮಾಡಿದ. ನಾದ ಹುಟ್ಟುವುದು ಮುಖ್ಯವಾಗಿ ಮೇಲ್ಹಲಗೆಯಲ್ಲಿ ಎಂದು ತೋರಿಸುವುದೇ ಅವನ ಉದ್ದೇಶ. ಹೀಗಿರುವಾಗ ಮೈಕಿಗೆ ಜೋಡಿಸಲೆಂದು ಆ ಮೇಲ್ಹಲಗೆಗೇ ಡ್ರಿಲ್ ಹಿಡಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಾದರಂಧ್ರಕ್ಕೆ ಸಿಕ್ಕಿಸಿ, ಬೇಡವೆಂದಾಗ ತೆಗೆಯಬಹುದಾದ ಪಿಕಪ್‌ಗಳು ಸಿಗುತ್ತವೆ. ಮರಳಿ ಮೊದಲಿನಂತೆ ಮಾಡಬಹುದಾದ ಬದಲಾವಣೆಯನ್ನೇ ಮೊದಲು ಮಾಡಿ.

ಎಲೆಕ್ಟ್ರಿಕ್ ಗಿಟಾರಿನ ಗುಂಡಿ ತಿರುಗಿಸಿದಾಗ ಕರಕರ ಎಂದರೆ ಒಳಗೆ ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಾರು ಸಲ ತಿರುಗಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಸದ್ದು ಬಂದು ಬಂದು ನಿಂತರೆ ಜಾಕಿನ ಬೆಸುಗೆ ಬಿಟ್ಟಿರಬಹುದು. ಇವು ಸಣ್ಣವು. ದೊಡ್ಡದೊಂದಿದೆ. ಹಬ್ಬದ ಪೆಂಡಾಲಿನಲ್ಲಿ ಮೂರು ಪಿನ್ನಿನ ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನು ಮುರಿದು ಎರಡು ತೂತಿಗೆ ತುರುಕುವುದನ್ನು ನೀವೂ ಕಂಡಿರಬಹುದು. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಆಂಪ್ಲಿಫೈಯರಿನ ಅರ್ಥಿಂಗಿಗೆ ಸೇರಿರುತ್ತವೆ. ಗಿಟಾರು ಒಂದು ಕಡೆ, ಮೈಕು ಇನ್ನೊಂದು ಕಡೆ ಇದ್ದು, ಎರಡರಲ್ಲಿ ಒಂದರ ಅರ್ಥಿಂಗ್ ಕೆಟ್ಟಿದ್ದರೆ ಎರಡನ್ನೂ ಮುಟ್ಟಿದ ಹುಡುಗನ ಮೈಯಲ್ಲಿ ವಿದ್ಯುತ್ ಹರಿಯುತ್ತದೆ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರ್ ವಾದಕ ವೇದಿಕೆಯ ಮೇಲೆ ಮೈಕು ಮುಟ್ಟಿ ಹೀಗೆಯೇ ಪ್ರಾಣ ಕಳೆದುಕೊಂಡ. ಧರ್ಮಕೇಂದ್ರದ ಹಬ್ಬಕ್ಕೆ ಸೌಂಡ್ ಸಿಸ್ಟಮ್ ತರಿಸುವ ಹಿರಿಯರೇ, ಹೂವಿನ ಅಲಂಕಾರಕ್ಕಿಂತ ಮೊದಲು ಎಲೆಕ್ಟ್ರಿಷಿಯನ್ನರಿಂದ ಅರ್ಥಿಂಗ್ ಪರೀಕ್ಷಿಸಿ.

ಈಗ ಸುಳ್ಳಕ್ಕೆ ಮರಳೋಣ.

ಗಿಟಾರಿನ ತಲೆ ಹಿಂದಕ್ಕೆ ಬಾಗಿರುತ್ತದೆ, ಕೆಲವದರಲ್ಲಿ 17 ಡಿಗ್ರಿಯಷ್ಟು. ಒಂದೇ ಮರದ ತುಂಡಿನಿಂದ ಹೀಗೆ ಕೊಯ್ದಾಗ ಆ ಬಾಗಿನಲ್ಲಿ ಮರದ ಎಳೆಗಳು ಉದ್ದಕ್ಕೆ ಹರಿಯದೆ ತುಂಡಾಗುತ್ತವೆ. ಅದೇ ಜಾಗದಲ್ಲಿ ಟ್ರಸ್ ರಾಡಿಗಾಗಿ ತೋಡೂ ಇದ್ದರೆ ಉಳಿಯುವ ಮರ ಇನ್ನೂ ಕಡಿಮೆ. ಆದ್ದರಿಂದ ಗೋಡೆಗೆ ಒರಗಿಸಿದ ಗಿಟಾರು ಸುಮ್ಮನೆ ಜಾರಿ ಬಿದ್ದರೂ ಅಲ್ಲಿಯೇ ಮುರಿಯುವುದು. ಹೊಸ ಮುರಿತವಾದರೆ ಕೂಡಿಸುವುದು ಕಷ್ಟವಲ್ಲ. ಎರಡು ಮುಖಗಳೂ ಒಂದರ ಅಚ್ಚು ಒಂದಾಗಿರುತ್ತವೆ. ಒಳ್ಳೆಯ ಮರದ ಅಂಟು ಹಚ್ಚಿ ಬಿಗಿದರೆ ಜೋಡಿಕೆ ಮರದಷ್ಟೇ ಗಟ್ಟಿಯಾಗುತ್ತದೆ. ಕಷ್ಟವಾಗುವುದು ನಾವು ಅವಸರ ಮಾಡಿದಾಗ. ಹುಡುಗ ಅದನ್ನೇ ಮಾಡಿದ್ದ. ತಂದೆಗೆ ಗೊತ್ತಾಗದಂತೆ, ಕ್ಷಣದಲ್ಲಿ ಹಿಡಿಯುವ ಗೋಂದು ತಂದು ಅಂಟಿಸಿ, ಮರುದಿನವೇ ತಂತಿ ಬಿಗಿದಿದ್ದ. ಮೂರನೆಯ ತಂತಿಗೆ ಬರುವಷ್ಟರಲ್ಲಿ ಟಪ್ಪೆಂದು ಬಿಟ್ಟಿತು. ಆ ಗೋಂದು ಬಿರುಸು, ಎಳೆತಕ್ಕೆ ಬಗ್ಗುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಮರದ ಮುಖದ ಮೇಲೆ ಗಾಜಿನಂತೆ ಕೂತುಬಿಡುತ್ತದೆ. ಅದರ ಮೇಲೆ ಹಚ್ಚಿದ ಹೊಸ ಅಂಟು ಮರವನ್ನು ಮುಟ್ಟುವುದೇ ಇಲ್ಲ.

ನಾನು ತಂದೆಗೆ ಬೈಯಲು ಹೋಗಿರಲಿಲ್ಲ. ಅವರ ಚಿಂತೆ ಸುಳ್ಳಲ್ಲ. ಹೆಣ್ಣುಮಗಳ ಮದುವೆಯ ಸಾಲವಿದೆ, ಮಗನ ಓದಿನ ಮೇಲೆ ಆಸೆಯಿದೆ. ತಂದೆಯರು ಮಕ್ಕಳ ಮನಸ್ಸು ಕುಗ್ಗಿಸಬಾರದೆಂದು ಪೌಲರು ಕೊಲೊಸ್ಸೆಯವರಿಗೆ ಬರೆದದ್ದನ್ನು ನೆನಪಿಸಬೇಕೆಂದುಕೊಂಡಿದ್ದೆ, ಆದರೆ ಆ ಮನೆಯಲ್ಲಿ ಬಾಯಿ ಬರಲಿಲ್ಲ. ಬದಲಿಗೆ ಗಿಟಾರನ್ನು ಮೊಳೆಯಿಂದ ಇಳಿಸಿ ಅವರ ಮುಂದಿಟ್ಟು, "ಇದನ್ನ ಕೂಡಸಾಕ ಬರ್ತದೇನ್ರಿ? ನನಗ ಗೊತ್ತಾಗವಲ್ದು" ಎಂದು ಕೇಳಿದೆ. ಅವರು ಬಹಳ ಹೊತ್ತು ನೋಡಿದರು. ಬೆರಳಿನಿಂದ ಮುರಿದ ಜಾಗ ಸವರಿದರು. ಆಮೇಲೆ, "ಯಾವನರೀ ಇದಕ್ಕ ಈ ಗೋಂದು ಹಚ್ಚಿದಾಂವ?" ಎಂದು ಒಳಗಿನ ಕೋಣೆಗೆ ಕೇಳುವಂತೆ ಗದರಿದರು. ಮೂರು ವಾರದಲ್ಲಿ ಮಗನಿಗೆ ಆಡಿದ ಮೊದಲ ಮಾತು ಅದು.

ಒಂದೆರಡು ಚೂರು ಇಲ್ಲ ಎಂದರು. ಜೋಡಿಕೆಯ ಹಿಂಭಾಗದಲ್ಲಿ ಬೆರಳುಗುರಿನಷ್ಟು ಮರ ಹಾರಿಹೋಗಿತ್ತು. ಆಗ ತಾಯಿ ಅಡುಗೆಮನೆಯಿಂದ ಸಾಸಿವೆ ಡಬ್ಬಿ ತಂದರು. ಆ ರಾತ್ರಿ ಕಸ ಗುಡಿಸುವಾಗ ಸಿಕ್ಕ ಚಕ್ಕೆಗಳನ್ನೆಲ್ಲ ಅದರಲ್ಲಿ ಹಾಕಿಟ್ಟಿದ್ದರು. ಏಕೆ ಎಂದು ಕೇಳಿದರೆ, "ಒಗಿಯಾಕ ಮನಸ್ಸಾಗಲಿಲ್ರಿ" ಎಂದರು, ಅಷ್ಟೇ. ಓದುಗರೇ, ವಾದ್ಯ ಮುರಿದಾಗ ಎಷ್ಟೇ ಸಣ್ಣ ಚೂರಾದರೂ ಎತ್ತಿಡಿ. ರಿಪೇರಿ ಮಾಡುವವನಿಗೆ ಅದು ಹೊಸ ಮರಕ್ಕಿಂತ ಬೆಲೆಯುಳ್ಳದ್ದು.

ತಂದೆ ಒಂದು ಷರತ್ತು ಹಾಕಿದರು: ಪರೀಕ್ಷೆ ಮುಗಿಯುವವರೆಗೆ ಗಿಟಾರು ತಮ್ಮ ಬಳಿ. ನಾನೂ ಒಪ್ಪಿದೆ. ತಪಸ್ಸುಕಾಲದಲ್ಲಿ ವಾದ್ಯಗಳು ಹಾಡಿಗೆ ಆಧಾರವಾಗಿ ಮಾತ್ರ ನುಡಿಯಬೇಕೆಂಬುದು ಪೂಜಾವಿಧಿಯ ನಿಯಮ. ಗಾನವೃಂದಗಳಿಗೆ ಗಿಟಾರು ಬಿಚ್ಚಿ ಸರಿಪಡಿಸಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಬಾಬಿಲೋನಿನ ಗಡೀಪಾರಿನಲ್ಲಿ ಇಸ್ರಯೇಲರು ತಮ್ಮ ಕಿನ್ನರಿಗಳನ್ನು ಮರಗಳಿಗೆ ತೂಗುಹಾಕಿದರೆಂದು 137ನೆಯ ಕೀರ್ತನೆಯಲ್ಲಿ ಓದುತ್ತೇವೆ. ಹಾಡಲಾಗದಷ್ಟು ದುಃಖದಲ್ಲೂ ಅವನ್ನು ಒಡೆದು ಹಾಕಲಿಲ್ಲ ಎಂಬುದನ್ನು ನಾನು ಈ ವರ್ಷವೇ ಗಮನಿಸಿದ್ದು.

ಪರೀಕ್ಷೆ ಮುಗಿದ ಮರುದಿನ ತಂದೆ ಮಗ ಇಬ್ಬರೂ ಕೂತರು. ಹಳೆಯ ಗೋಂದನ್ನು ತೆಗೆಯುವುದಕ್ಕೇ ಒಂದೂವರೆ ದಿನ ಹಿಡಿಯಿತು. ಚೂಪಾದ ಉಳಿಯ ತುದಿಯಿಂದ ಗೋಂದನ್ನು ಮಾತ್ರ, ಮರವನ್ನು ಮುಟ್ಟದಂತೆ ಕೆರೆಯಬೇಕು. ಮರ ಹೋದರೆ ಎರಡು ಮುಖಗಳು ಮತ್ತೆ ಸೇರವು. ಆಮೇಲೆ ಅಂಟಿಲ್ಲದೆ ಒಮ್ಮೆ ಕೂಡಿಸಿ ನೋಡಿದರು, ಡಬ್ಬಿಯ ಚಕ್ಕೆಗಳನ್ನು ಅವುಗಳ ಜಾಗದಲ್ಲಿ ಕೂರಿಸಿದರು. ಮರದ ಅಂಟನ್ನು ಎರಡೂ ಮುಖಕ್ಕೆ ತೆಳ್ಳಗೆ ಹಚ್ಚಿ, ಎಣ್ಣೆಕಾಗದ ಸುತ್ತಿ, ಸೈಕಲ್ಲಿನ ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಬಿಗಿಯಾಗಿ ಸುತ್ತಿದರು. ಅಂಥ ಬಾಗಿದ ಜಾಗಕ್ಕೆ ಕಬ್ಬಿಣದ ಕ್ಲಾಂಪು ಜಾರುತ್ತದೆ, ಟ್ಯೂಬು ಎಲ್ಲ ಕಡೆಯಿಂದ ಒಂದೇ ಸಮ ಒತ್ತುತ್ತದೆ. ಇದು ನನಗೆ ಗೊತ್ತಿರಲಿಲ್ಲ, ಅವರಿಂದ ಕಲಿತೆ. ಒಂದು ದಿನ ಸಾಕು ಎಂದು ನಾನು ಓದಿದ್ದೆ. ಅವರು ನಾಲ್ಕು ದಿನ ಬಿಚ್ಚಲಿಲ್ಲ. ಮಗ ದಿನಕ್ಕೆರಡು ಸಲ ಕೇಳುತ್ತಿದ್ದನಂತೆ.

ಪಾಸ್ಖ ಜಾಗರಣೆಯ ರಾತ್ರಿ ಮಹಿಮಾಗೀತೆಗೆ ಗಂಟೆಗಳೊಂದಿಗೆ ಗಿಟಾರೂ ಸೇರಿತು. ಎರಡನೆಯ ತಂತಿ ಸ್ವಲ್ಪ ಇಳಿದಿತ್ತು, ಯಾರೂ ಗಮನಿಸಿದಂತೆ ಕಾಣಲಿಲ್ಲ.

ಬಿಳಿಯ ಅಂಟು ನಿರಂತರ ಎಳೆತದಲ್ಲಿ ಬಹಳ ನಿಧಾನವಾಗಿ ಜಾರುವ ಸಂಭವವಿದೆ. ತಂದೆಗೆ ಅದು ಗೊತ್ತು. ಆದ್ದರಿಂದ ಜೋಡಿಕೆಯ ಮೇಲೆ ಅಡ್ಡಲಾಗಿ ಚೂಪು ಪೆನ್ಸಿಲಿನಿಂದ ಒಂದು ಗೆರೆ ಎಳೆದಿದ್ದಾರೆ. ಜೋಡಿಕೆ ಜಾರಿದರೆ ಗೆರೆ ಎರಡು ತುಂಡಾಗುತ್ತದೆ. ಈಗ ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಅವರು ಗಾನವೃಂದದ ಬೆಂಚಿನ ಹತ್ತಿರ ಬಂದು, ಕನ್ನಡಕ ಹಾಕಿಕೊಂಡು, ಗಿಟಾರನ್ನು ತಿರುಗಿಸಿ ಆ ಗೆರೆಯನ್ನು ನೋಡುತ್ತಾರೆ. ಮಗ ಹಿಡಿದುಕೊಂಡು ನಿಂತಿರುತ್ತಾನೆ. ಕಳೆದ ವಾರ, ನಟ್ಟಿನಲ್ಲಿ ಎರಡನೆಯ ತಂತಿಯ ತೋಡು ಬಿಗಿಯಾಗಿರುವುದರಿಂದಲೇ ಶ್ರುತಿ ನಿಲ್ಲುತ್ತಿಲ್ಲ, ಸಣ್ಣ ಅರ ಬೇಕು ಎಂದರು. ಹುಬ್ಬಳ್ಳಿಯಲ್ಲಿ ಎಲ್ಲಿ ಸಿಗುತ್ತದೆ ಎಂದು ಇಬ್ಬರೂ ಮಾತಾಡುತ್ತಾ ಬಸ್ಸಿಗೆ ಹೋದರು.